ಎಡ ಹೆಗಲಿಗೆ ಅಳತೆ

ಕಾಯಾನಿಯ ಕಣ್ಣಿನ ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದರು:
ಬಲಗಣ್ಣ ನಡುವಿನ ಆ ಬೂದು ಚುಕ್ಕೆ
ಇನ್ನು ಹೋಗುವುದಿಲ್ಲ.
ಯಾರನ್ನು ನೋಡಹೊರಟರೂ ಸರಿಯಾಗಿ ಅವರ ಮೂಗಿನ ಮೇಲೆಯೇ
ಕೂತುಬಿಡುತ್ತದೆ, ಓಡಿಸಿದರೂ ಏಳದ ನೊಣ.

ಬೇಟೆಯ ತಂಡದಲ್ಲಿ ಯಾರೂ ಏನೂ ಅನ್ನಲಿಲ್ಲ.
ಔಲಿಸ್ ಮಾತ್ರ, ಬೂಟಿನ ಲೇಸು ಕಟ್ಟುತ್ತ,
"ಸೂಪಿಗೆ ನಿನ್ನಂಥ ಕೈ ಇನ್ನೊಂದಿಲ್ಲ, ಸೆನ್ಯಾ" ಅಂದ.
ಮೂವತ್ತೊಂದು ಶರತ್ಕಾಲ ಅದೇ ಜೌಗಿನ ಅಂಚಿನಲ್ಲಿ
ಮೂಸ್‌ಗೆ ಕಾದು ನಿಂತವಳನ್ನು
ಸೌಟು ಕೊಟ್ಟು ಕೂರಿಸುವ ಉಪಾಯ.

ಕೋವಿಯನ್ನು ಕಂಬಳಿಯಲ್ಲಿ ಸುತ್ತಿ
ವಿಲ್ಯೊನ ಶೆಡ್ಡಿಗೆ ಹೋದೆ.
ಹಳೆಯ ಹಿಡಿಮರಕ್ಕೆ ಮಣಿಕಟ್ಟಿನಲ್ಲಿ ಸೀಳು,
ಹೋದ ವರ್ಷ ಮಂಜುಗಟ್ಟಿದ ಹಲಗೆಯ ಮೇಲೆ
ಇಬ್ಬರೂ ಜಾರಿ ಬಿದ್ದಾಗಿನದು.
ನನ್ನ ಮಣಿಕಟ್ಟು ಕೂಡಿಕೊಂಡಿತು. ಅದರದು ಕೂಡಲಿಲ್ಲ.

ಅಂಟು ಹಾಕಿ ಕೊಡಲೇ, ಅಂದ.
ಬೇಡ, ಕೆನ್ನೆ ಒರಗುವ ಉಬ್ಬೇ ಈಗ ತಪ್ಪು ಕಡೆಗಿದೆ,
ಎಡ ಹೆಗಲಿನದು ಕೊಡು.

ಗೋಡೆಗೆ ಒರಗಿಸಿದ್ದ ಸಾಲು ತೋರಿಸಿದ.
ಮೊದಲು ಕಪ್ಪು ಪ್ಲಾಸ್ಟಿಕ್: ಮಳೆಗೆ ಉಬ್ಬದು, ಹಿಮಕ್ಕೆ ಬಿರಿಯದು,
ಬೆಲೆಯೂ ಅರ್ಧ.
ಗಡಿಗೆ ಕೊಳ್ಳುವವಳ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿದೆ.
ಒಳಗೆ ಯಾರೂ ಇಲ್ಲ, ಅಂತು.

ಆಮೇಲೆ ಪದರಪದರ ಅಂಟಿಸಿದ್ದು, ಕಂದು-ಹಸಿರು ಪಟ್ಟೆ.
ಗಟ್ಟಿ, ನಿಜ. ಎತ್ತಿದರೆ
ಅಂಚೆ ವ್ಯಾನಿನಿಂದ ದಿನಾ ಇಳಿಸುವ ಪಾರ್ಸೆಲ್ಲಿನದೇ ತೂಕ.

ಆಮೇಲೆ ಬಟ್ಟೆ ಸರಿಸಿ, ಅಕ್ರೋಟು.
ಅಯ್ಯೋ, ಆ ಮರದ ಮೈ!
ಜೇನು ಚೆಲ್ಲಿ ಒರೆಸಲು ಮರೆತಂತೆ,
ಹೊಗೆ ಹೆಪ್ಪುಗಟ್ಟಿದಂತೆ. ಕೈ ತಾನಾಗಿ ಹೋಯಿತು.
ಟರ್ಕಿಯದು, ಅಂದ ವಿಲ್ಯೊ. ಬೆಲೆ ಹೇಳಲಿಲ್ಲ,
ಮಣಿಕಟ್ಟಿನ ಜಾಗಕ್ಕೆ ಪೆನ್ಸಿಲ್ ಇಟ್ಟ:
"ಇಲ್ಲಿ ನೋಡು, ಎಳೆ ಸುಳಿ ತಿರುಗಿದೆ.
ಚೆಂದ ಬುಡದಲ್ಲಿರಲಿ, ಹಿಡಿಯುವ ಕಡೆ ನೇರ ಬೇಕು.
ಸುಳಿ ಇದ್ದಲ್ಲೇ ಮುರಿಯೋದು."
ಎರಡನೇ ಹೆಂಡತಿಯ ಬಗ್ಗೆ ಹೇಳುತ್ತಿದ್ದಾನೋ ಅನ್ನಿಸಿತು.
ಕೇಳಲಿಲ್ಲ.

ಕೊನೆಗೆ, ಬಾಗಿಲ ಹಿಂದಿನಿಂದ, ಒಂದು ಬರ್ಚ್.
ಒಗೆದೊಗೆದು ಬೆಳುಪಾದ ಒರಟು ಬಟ್ಟೆಯ ಬಣ್ಣ,
ಎಳೆ ತುದಿಯಿಂದ ತುದಿಗೆ ನೇರ.
ಅದರಲ್ಲಿ ನೋಡಲು ಏನೂ ಇರಲಿಲ್ಲ.

"ಕಣ್ಣು ಮುಚ್ಚು. ಹೆಗಲಿಗೇರಿಸು. ಈಗ ತೆರೆ."
ಬಲ ಹೆಗಲು ತನ್ನನ್ನೇ ಕರೆದರೆಂದು ಮುಂದೆ ಬಂತು,
ಸಭೆಯಲ್ಲಿ ಹೆಸರು ತಪ್ಪಿ ಕೇಳಿ ಎದ್ದುನಿಂತವರ ಹಾಗೆ;
ಮೆಲ್ಲಗೆ ಕೂರಿಸಿದೆ.
ಎಡಗೈಯ ತೋರುಬೆರಳಿಗೆ ಕುದುರೆ ಎಲ್ಲಿದೆಯೆಂದೇ ಗೊತ್ತಿಲ್ಲ.
ಎಡವುವುದಕ್ಕೂ ಎಡವಟ್ಟಿಗೂ ಎಡದ ಹೆಸರಿಟ್ಟವರು
ಬಲಗೈಯವರೇ ಇರಬೇಕು.
ಕಣ್ಣು ಗುರಿಗಿಂತ ಅರ್ಧ ಬೆರಳು ಮೇಲಿತ್ತು.
ಕಸಿದುಕೊಂಡ, ಹೆರೆದ, ಕೊಟ್ಟ.
ಮತ್ತೆ ಮುಚ್ಚಿದೆ, ತೆರೆದೆ.

ಏಳು ಸಲ. ನಡುವೆ ಎರಡು ಕಾಫಿ.
ಎಂಟನೆಯದಕ್ಕೆ ತೆರೆದಾಗ
ಕಿಟಕಿಯಾಚೆಯ ಬೇಲಿಗೂಟ ತಾನಾಗಿ ಬಂದು
ಗುರಿಯ ತುದಿಯಲ್ಲಿ ಕೂತಿತ್ತು,
ನೊಣವಿಲ್ಲದೆ.

ವಾರ್ನಿಷ್ ಬಳಿಯಲಿಲ್ಲ.
"ಒಂದು ಬೇಟೆಗಾಲ ಹಾಗೇ ಹಿಡಿ, ಬರೀ ಅಗಸೆ ಎಣ್ಣೆ.
ಹೊಳಪು ಬಂದಲ್ಲಿ ನಿನ್ನ ಕೈ ಇದೆ,
ನೋವು ಬಂದಲ್ಲಿ ನನ್ನ ತಪ್ಪಿದೆ. ತಗೊಂಡು ಬಾ."

ಕತ್ತಲಾಗದ ಈ ಜೂನಿನ ರಾತ್ರಿಗಳಲ್ಲಿ
ಅಡುಗೆಮನೆಯಲ್ಲಿ ನಾನು, ಖಾಲಿ ಕೋವಿ,
ಮೇಜಿನಡಿಯಿಂದ ಎಣ್ಣೆಯ ವಾಸನೆ ಹಿಡಿದು ಸೀನುವ ನಾಯಿ, ಹಲ್ಲಾ.
ಉಪ್ಪಿನ ಭರಣಿಗೆ ಗುರಿ, ದಿನಕ್ಕೆ ನಲವತ್ತು ಸಲ.
ಎಡಗೆನ್ನೆ ಮರಕ್ಕೆ ಒರಗುವುದನ್ನು ಕಲಿಯುತ್ತಿದೆ,
ಐವತ್ತೆಂಟು ವರ್ಷ ಅದಕ್ಕೆ ಗಾಳಿ ತಿನ್ನುವುದಷ್ಟೇ ಕೆಲಸ.

ನಿನ್ನೆ ಔಲಿಸ್ ಫೋನು ಮಾಡಿದ್ದ,
ಈ ಸಲ ದೊಡ್ಡ ಪಾತ್ರೆ ಯಾರು ತರೋದು ಅಂತ.
ನೀನೇ ತಾ, ಅಂದೆ. ನನ್ನ ಜಾಗ ಅದೇ,
ಜೌಗಿನಂಚಿನ ಆ ವಾಲಿದ ಪೈನ್.
ಮರದ ಇನ್ನೊಂದು ಮಗ್ಗುಲಿಗೆ ನಿಲ್ಲುತ್ತೇನೆ, ಅಷ್ಟೇ.