ಇಪ್ಪತ್ತೆಂಟನೆಯ ದಿನ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಹದಿಮೂರರಲ್ಲಿ
ಟೈರಂಗಡಿಗೂ ಬೇಕರಿಗೂ ನಡುವೆ ನಮ್ಮ ಲ್ಯಾಬು.
ಬೆಳಿಗ್ಗೆ ಆರಕ್ಕೆ ಪಿಕಪ್ಪಿನಲ್ಲಿ ಬಂದಿಳಿಯುತ್ತದೆ ದುಬೈ,
ಆರಂಗುಲದ ಕಾಂಕ್ರೀಟು ಘನಗಳಾಗಿ.
ಒಂದೊಂದೂ ಎಂಟು ಕಿಲೋ, ಎಂಟು ತಿಂಗಳ ಕೂಸಿನ ತೂಕ.
ಮೈಮೇಲೆ ಹಸಿರು ಬಳಪದಲ್ಲಿ ವಿಳಾಸ:
ಕಂಬ ಸಿ-ಏಳು, ಮಹಡಿ ಮೂವತ್ತೊಂದು,
ಸುರಿದದ್ದು ರಾತ್ರಿ ಎರಡೂವರೆಗೆ.
ಈ ತಿಂಗಳಲ್ಲಿ ಹಗಲು ಸುರಿಯುವಂತಿಲ್ಲ.
ಕಾಂಕ್ರೀಟಿಗೆ ಐಸು ಬೆರೆಸುತ್ತಾರೆ,
ಸುರಿಯುವವನಿಗೆ ಒಂದು ಬಾಟಲಿ ಲಬನ್.

ಇಪ್ಪತ್ತೆಂಟು ದಿನ ತೊಟ್ಟಿಯ ತಣ್ಣೀರಲ್ಲಿ ಮಲಗಿಸುತ್ತೇನೆ,
ಹೊತ್ತು ಹೊತ್ತಿಗೆ ಥರ್ಮಾಮೀಟರು ನೋಡುತ್ತೇನೆ.
ನನ್ನ ರೂಮಿನ ಎ.ಸಿ. ಕೆಟ್ಟು ಹದಿನೈದು ದಿನ,
ಅದು ಬೇರೆ ಮಾತು.
ಆಮೇಲೆ ಎತ್ತಿ, ಒರೆಸಿ,
ಯಂತ್ರದ ಎರಡು ಅಂಗೈ ನಡುವೆ ಇಟ್ಟು ಗುಂಡಿ ಒತ್ತುತ್ತೇನೆ.
ಮುಳ್ಳು ಏರುತ್ತದೆ. ಮೊದಲು ಏನೂ ಇಲ್ಲ.
ಒಂದು ಮೂಲೆಯಿಂದ ಸಣ್ಣ ಪುಡಿ.
ಆಮೇಲೆ ಢಮ್.

ಸರಿಯಾಗಿ ಸತ್ತ ಘನ ಹೇಗಿರುತ್ತದೆ ಗೊತ್ತೆ?
ನಾಲ್ಕೂ ಮಗ್ಗುಲು ಉದುರಿ, ನಡು ಬಡವಾಗಿ,
ಮೇಲೊಂದು ಕೆಳಗೊಂದು ಗೋಪುರ, ತುದಿಗೆ ತುದಿ ಕಚ್ಚಿಕೊಂಡು,
ಥೇಟು ಬುಡುಬುಡಿಕೆ.
ಮೊದಲ ಸಲ ಕಂಡಾಗ ಎತ್ತಿ ಅಲ್ಲಾಡಿಸಿಯೇಬಿಟ್ಟೆ.
‘ಏನೋ, ಮಗುವಿನ ಗಿಲಕಿಯೇ?’ ನಕ್ಕರು ಬೀರಾನಿಕ್ಕ.
ಹೇಳಲಿಲ್ಲ ನಾನು.
ಡಿಪ್ಲೊಮಾ ಸರ್ಟಿಫಿಕೇಟಿನಲ್ಲಿ ಇರದ ಸಂಗತಿ ಅದು.

ಅಜ್ಜ ಸಿದ್ದೋಜಿ ಕೋಳಿ ಕೂಗುವ ಮೊದಲೆದ್ದು
ಚಿಂದಿ ಚಿಂದಿ ಬಣ್ಣದ ಕೋಟು ತೊಟ್ಟು
ರಾಣೆಬೆನ್ನೂರಿನ ಓಣಿಗಳಲ್ಲಿ ಬಾಗಿಲ ಹೊರಗೆ ನಿಂತು
ಬುಡುಬುಡಿಕೆ ಬಾರಿಸಿ ನುಡಿಯುತ್ತಿದ್ದ:
‘ಹಾಲಕ್ಕಿ ನುಡದೈತಿ ತಾಯಿ,
ಮಾಳಿಗಿ ಮ್ಯಾಲ ಮಾಳಿಗಿ ಏಳತೈತಿ.’
ಒಳಗಿನಿಂದ ಮೊರದಲ್ಲಿ ಜೋಳ ಬರುತ್ತಿತ್ತು,
ಹಳೆ ಅಂಗಿ ಬರುತ್ತಿತ್ತು.
ಒಳಗೆ ಬಾ ಎಂಬ ಮಾತು ಬಂದದ್ದು ಅವನಿಗೆ ನೆನಪಿರಲಿಲ್ಲ.
ಒಳ್ಳೆಯದನ್ನಷ್ಟೇ ನುಡಿಯಬೇಕು, ಕಸುಬಿನ ಕಟ್ಟಳೆ.
ಕೆಟ್ಟದ್ದು ಕಂಡರೆ? ಕೇಳಿದ್ದೆ.
‘ಕೆಮ್ಮಬೇಕು. ಮುಂದಿನ ಮನೀಗೆ ಹೋಗಬೇಕು.’

ನಾನು ಕೆಮ್ಮುವಂತಿಲ್ಲ, ಬರೆಯಬೇಕು.
ಐವತ್ತು ಬರಬೇಕಾದಲ್ಲಿ ಮೂವತ್ತೆಂಟು ಬಂದ ದಿನ
ಬರೆದೆ.
ಮಧ್ಯಾಹ್ನದೊಳಗೆ ನಾಲ್ಕು ಫೋನು.
ಐದನೆಯದು ಮೆತ್ತಗೆ, ಕನ್ನಡದಲ್ಲಿ, ಕುಂದಾಪುರದ ದನಿ:
‘ಮಾರಾಯ್ರೆ, ನಿಮ್ ಮಿಶನ್ ಸಮ ಇತ್ತಾ?’
ಎಂಟು ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ,
ಫೋನು ಇಡಲು ಮನಸ್ಸಾಗಲಿಲ್ಲ.
ಅಂಕಿಯನ್ನೂ ತಿದ್ದಲಿಲ್ಲ.
ಕಂಬ ಒಡೆದರೋ, ಬೇರೆ ಲ್ಯಾಬು ಹಿಡಿದರೋ.
ಆ ಪಿಕಪ್ಪು ಮತ್ತೆ ಈ ಕಡೆ ಬರಲಿಲ್ಲ.

ಕಣ್ಣು ಹಾಯುವಷ್ಟೂ ಮರಳು ಇಲ್ಲಿ,
ಕಟ್ಟಲು ಹಿಡಿಯಷ್ಟೂ ಆಗದು.
ಗಾಳಿ ಉರುಳಿಸಿ ಉರುಳಿಸಿ ಗುಂಡಗಾಗಿದೆ, ಒಂದನ್ನೊಂದು ಕಚ್ಚದು.
ರಾಸ್ ಅಲ್ ಖೈಮಾದ ಗುಡ್ಡ ಒಡೆದು ತರುತ್ತಾರೆ
ಮೂಲೆಯುಳ್ಳ ಮರಳು.
ಜರಡಿ ಹಿಡಿದ ಶೊಹಿದುಲ್ ಹೇಳುತ್ತಾನೆ:
‘ಹದಿನೇಳು ವರ್ಷ, ಆರು ಕಂಪನಿ. ನಾನೂ ಗುಂಡಗಾದೆ, ಭಾಯ್.’

ಒಂದು ರಜೆಯ ದಿನ ಬಸ್ಸು ಹಿಡಿದು, ಮೆಟ್ರೊ ಹಿಡಿದು
ಸಿ-ಏಳನ್ನು ನೋಡಲು ಹೋದೆ.
ಬೆರಳಿಟ್ಟು ಮಹಡಿ ಎಣಿಸಿದೆ,
ಹತ್ತೊಂಬತ್ತರಾಚೆ ಬರೀ ಗಾಜು, ಗಾಜಿನಲ್ಲಿ ಬಿಸಿಲು.
ನನ್ನ ಎದೆಗವಚಿಕೊಂಡು ತೊಟ್ಟಿಗಿಳಿಸಿದ್ದು ಅಲ್ಲೆಲ್ಲೋ ನಿಂತಿತ್ತು,
ಮೈಮೇಲೆ ಇಟಲಿಯ ಕಲ್ಲು ಹೊದ್ದು,
ಪಕ್ಕದಲ್ಲಿ ಯಾರದೋ ಊಟದ ಮೇಜು.
ಬಾಗಿಲಲ್ಲಿ ನೇಪಾಳದ ಲೋಕೇಂದ್ರ ಕೇಳಿದ,
ಯಾರನ್ನು ಕಾಣಬೇಕು?
ಕಂಬವನ್ನು ಅನ್ನಲಾದೀತೆ?
ಬಿಸಿಲು ನೋಡಿದ, ನನ್ನ ಮುಖ ನೋಡಿದ.
ಒಳಗಿನಿಂದ ಕಾಗದದ ಲೋಟದಲ್ಲಿ ತಣ್ಣೀರು ಬಂತು.

ಕುಡಿದು, ಬಾಯೊರೆಸಿ,
ಮೇಲೆ ನೋಡಿ ಅಂದೆ, ಅಜ್ಜನ ರಾಗದಲ್ಲೇ:
‘ಐವತ್ತೆಂಟೂವರಿ ನುಡದೈತಿ ತಾಯಿ.’
‘ಕ್ಯಾ?’ ಅಂದ ಲೋಕೇಂದ್ರ.
ಕೆಮ್ಮಿದೆ.
ನನ್ನ ಬಸ್ಸಿಗೆ ಇನ್ನು ಏಳೇ ನಿಮಿಷ.