ಒಂದು ಕೈ ಕಿಸೆಯಲ್ಲಿ

ವಾಸ್ಕೋದ ಮಾಂಗೋರ್ ಗುಡ್ಡದ ಇಳಿಜಾರಿನಲ್ಲಿ ನಮ್ಮ ಅಂಗಡಿ,
ಬಾಗಿಲಿಗಿಂತ ಬೋರ್ಡು ದೊಡ್ಡದು.
ಆಟೋದವನಿಗೆ ಪೋರ್ಚುಗೀಸಿನಲ್ಲಿ ಬಯ್ಯುತ್ತ
ಎರ್ಮೆಲಿಂದಾ ಬಾಯಿ ಇಳಿಸಿದರು
ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ರಿಸೀವರು,
ಹದಿನಾಲ್ಕು ಕಿಲೋ.
ಅಣ್ಣ ಹಡಗಿನಲ್ಲಿದ್ದಾಗ ಕೋಬೆಯಿಂದ ತಂದದ್ದಂತೆ.

"ದೀಪ ಹತ್ತುತ್ತದೆ, ಮಾತಿಲ್ಲ."
"ಮೊದಲು?"
"ಮೊದಲು ಗುಂಯ್ ಅನ್ನುತ್ತಿತ್ತು, ಒಂದು ವರ್ಷ.
ಫ್ರಿಜ್ಜಿನ ಸದ್ದು ಅಂದುಕೊಂಡು
ಫ್ರಿಜ್ಜನ್ನೇ ಮಾರಿಬಿಟ್ಟೆ."

ಸ್ವಿಚ್ಚು ಒತ್ತಿ ಎಣಿಸಿದೆ.
ನಾಲ್ಕಕ್ಕೆ ಒಳಗೆ ರಿಲೇ ಟಕ್ ಎನ್ನಬೇಕು,
ಎಲ್ಲ ಖಾತ್ರಿಯಾದ ಮೇಲಷ್ಟೇ
ಸ್ಪೀಕರಿಗೆ ಬಾಗಿಲು ತೆರೆಯುವ ಕಾವಲುಗಾರ.
ಹತ್ತಾಯಿತು. ಹದಿನೈದಾಯಿತು.
ಅವನಿಗೆ ಏನೋ ಅನುಮಾನ.

ಮುಚ್ಚಳದ ಕೆಳಗೆ ಜಿರಲೆಯ ರೆಕ್ಕೆ,
ಉಪ್ಪುಗಾಳಿಯ ತುಕ್ಕು.
ಪಿನ್ನು ಕಿತ್ತಿದ್ದೆ, ಆದರೂ ಮುಟ್ಟಲಿಲ್ಲ.
ಗುಡುಸಾಬ ಮಾಮು ಹೇಳುತ್ತಿದ್ದ:
"ಪಿನ್ ಕಿತ್ತರ ಕರೆಂಟ್ ಹೋಗತೈತಿ,
ಸಿಟ್ಟು ಹೋಗಂಗಿಲ್ಲವಾ.
ಒಂದ್ ಕೈ ಕಿಸೆದಾಗ ಇಟ್ಕೊ.
ಎರಡೂ ಕೈ ಕೊಟ್ಟಿ ಅಂದ್ರ
ನಿನ್ನ ಎದೀನ ಅದಕ್ಕ ಹಾದಿ."

ನನ್ನ ಚೂಡಿದಾರಕ್ಕೆ ಕಿಸೆಯೇ ಇರಲಿಲ್ಲ.
ಆ ರಾತ್ರಿ ಕೂತು ಹೊಲಿದುಕೊಂಡೆ,
ಹಸಿರು ಬಟ್ಟೆಗೆ ಕೆಂಪು ತುಂಡು, ಇದ್ದದ್ದು ಅದೇ.
ಏನಿಟ್ಟುಕೊಳ್ಳುತ್ತೀ ಅದರಲ್ಲಿ, ಅಮ್ಮ ಕೇಳಿದಳು.
ಕೈ, ಎಂದೆ.

ರೆಸಿಸ್ಟರ್ ಹಿಡಿದು ಕೆಪಾಸಿಟರುಗಳ ಸಿಟ್ಟು ಇಳಿಸಿದೆ.
ಮತ್ತೆ ಪಿನ್ನು, ಈ ಸಲ ನೂರು ವ್ಯಾಟಿನ ಬಲ್ಬಿನ ಮೂಲಕ.
ಮೀಟರಿನ ಮೊನೆ ಈ ಕಡೆ ಇಟ್ಟರೆ ಪ್ಲಸ್ ಮೂವತ್ತೆಂಟು,
ಆ ಕಡೆ ಸೊನ್ನೆ.

ಇಂಥ ಪೆಟ್ಟಿಗೆಯಲ್ಲಿ ಮೌನವೆಂದರೆ
ಏನೂ ಇಲ್ಲದ್ದಲ್ಲ.
ಮೂವತ್ತೆಂಟು ಅತ್ತ ಎಳೆಯುತ್ತದೆ, ಮೂವತ್ತೆಂಟು ಇತ್ತ,
ಹಗ್ಗದ ನಡುವಿನ ಗಂಟು ಅಲುಗದೆ ನಿಂತರೆ
ಅದು ಮೌನ.
ಒಬ್ಬ ಕೈಬಿಟ್ಟರೆ ಇನ್ನೊಬ್ಬ ಬೀಳುತ್ತಾನೆ,
ಸ್ಪೀಕರನ್ನೂ ಎಳೆದುಕೊಂಡು.

ಮೈನಸ್ಸಿನ ದಾರಿ ಹಿಡಿದು ಹಿಂದಕ್ಕೆ ಹೋದೆ.
ಒಂದು ಕೆಪಾಸಿಟರಿನ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು,
ಬುಡದಲ್ಲಿ ಕಂದು ಅಂಟು.
ವರ್ಷದ ಗುಂಯ್ ಇಲ್ಲಿಂದಲೇ.
ಅದರ ಹಿಂದೆ ಫ್ಯೂಸು,
ಫ್ಯೂಸಿನ ಮೇಲೆ ಚಾಕೊಲೇಟಿನ ಬೆಳ್ಳಿಕಾಗದ,
ಒಪ್ಪವಾಗಿ ಮೂರು ಸುತ್ತು,
ನಡುವೆ ಪೂರ್ತಿ ಸುಟ್ಟು ಎರಡು ತುಂಡು.

"ನಿಮ್ಮ ಅಣ್ಣನ ಕೆಲಸವಾ?"
ಅವರು ಚೀಲದ ಜಿಪ್ಪು ಎಳೆದರು, ಹಾಕಿದರು.
"ಅವನಿಗೆ ಬಲ್ಬು ಹಾಕಲೂ ಬರುತ್ತಿರಲಿಲ್ಲ.
ನಾನು. ಮನೆಯಲ್ಲಿ ಲದಾಯ್ನ್ ಇತ್ತು, ಅರವತ್ತು ಜನ,
ಅಂಗಡಿಯೆಲ್ಲ ಬಂದ್."
ಪಾದ್ರಿಗೂ ಹೇಳಿರದ ದನಿ.

ಮನೆ ಸುಡುತ್ತಿತ್ತು ಎನ್ನಬೇಕಿತ್ತು. ಎಂದೆ ಕೂಡ.
ಆಮೇಲೆ ತಡೆಯಲಾರದೆ ಕೇಳಿದೆ,
ಇದೇ ಫ್ಯೂಸು ಅಂತ ಹೇಗೆ ಗೊತ್ತಾಯಿತು?
"ಕಪ್ಪಗಿದ್ದದ್ದು ಅದೊಂದೇ."
ಮಾಮು ನನಗೆ ಕಲಿಸಿದ್ದೂ ಅಷ್ಟೇ,
ಮೂರು ವರ್ಷ ತೆಗೆದುಕೊಂಡು.

ಶನಿವಾರ ಮಡಗಾಂವದ ಬಸ್ಸಿನಲ್ಲಿ ಬಂದವು
ಹೊಸ ಕೆಪಾಸಿಟರು ಎರಡು.
ಕೆಟ್ಟದ್ದು ಒಂದೇ ಆದರೂ ಬದಲಿಸುವುದು ಜೋಡಿ,
ಮುದುಕ ಒಂದು ತುದಿ, ಹುಡುಗ ಒಂದು ತುದಿ ಹಿಡಿದರೆ
ಗಂಟು ನಿಲ್ಲುವುದಿಲ್ಲ.
ಬೆಸುಗೆಯ ಹೊಗೆಯಲ್ಲಿ ಎರ್ಮೆಲಿಂದಾ ಬಾಯಿ
ಸ್ಟೂಲು ಬಿಟ್ಟು ಕದಲಲಿಲ್ಲ.

ಸ್ವಿಚ್ಚು. ಬಲ್ಬು ಒಮ್ಮೆ ಭಗ್ಗೆಂದು ಹತ್ತಿ
ಮೆಲ್ಲಗೆ ಮಂಕಾಯಿತು.
ತುಂಬಿಕೊಳ್ಳುತ್ತಿವೆ, ಎಂದೆ.
ಒಂದು, ಎರಡು, ಅವರೂ ಎಣಿಸಿದರು, ಕೊಂಕಣಿಯಲ್ಲಿ,
ಮೂರು,
ಟಕ್.

ರೇಡಿಯೋ ಹಚ್ಚಿರಿ ಎಂದರೆ ಬೇಡವೆಂದರು.
ವಾಲ್ಯೂಮ್ ಪೂರಾ ಇಳಿಸಿ
ಸ್ಪೀಕರಿನ ಬಟ್ಟೆಗೆ ಕಿವಿಯಿಟ್ಟರು,
ತುಂಬ ಹೊತ್ತು.
"ಏನೂ ಕೇಳಿಸುತ್ತಿಲ್ಲವಲ್ಲ!"

ಹೌದು ಬಾಯಿ,
ಒಂಬೈನೂರು ರೂಪಾಯಿ ಅದಕ್ಕೇ.