ಎರಡು ಬೀಡಿ ದೂರ

ಗೋಪುರದ ಮೇಲಿನ ಪೆಟ್ಟಿಗೆಯಿಂದ ಸೆಕೆಂಡಿಗೆ ಹತ್ತು ಸಲ
ಬೆಳಕು ಹೊರಟು ಕಾವಲಿನ ಹುಲ್ಲು ಸವರಿ ವಾಪಸು ಬರುತ್ತದೆ.
ಕಣ್ಣಿಗೆ ಕಾಣದ ಬೆಳಕು. ಹೋಗಿ ಬರಲು ಎಷ್ಟು ಹೊತ್ತೋ
ಅಷ್ಟು ದೂರ. ಇಷ್ಟೇ ವಿದ್ಯೆ.

ಪರದೆ ಮೇಲೆ ಚಳ್ಳಕೆರೆ ಸೀಮೆ ಚುಕ್ಕಿಯಾಗಿ ಉದುರುತ್ತದೆ,
ಅವ್ವ ರಂಗೋಲಿಗೆ ಕೂತು ಚುಕ್ಕಿಯಷ್ಟೇ ಇಟ್ಟು
ಹಾಲು ಉಕ್ಕಿತೆಂದು ಎದ್ದುಹೋದ ಹಾಗೆ.
ಗೆರೆ ಎಳೆಯುವುದು ನನ್ನ ಕೆಲಸ.
ಡಿಪ್ಲೊಮಾ ಮುಗಿಸಿದವಳಿಗೆ ಹದಿನಾರು ಸಾವಿರ,
ಮಧ್ಯಾಹ್ನದ ಊಟ, ಕುತ್ತಿಗೆಗೆ ಗುರುತಿನ ಚೀಟಿ.
ಚುಕ್ಕಿ ಗುಂಪಿಗೆ ಚೌಕ ಹಾಕಿ ಹೆಸರಿಡಬೇಕು:
ಮನುಷ್ಯ, ದನ, ವಾಹನ, ಗಿಡ, ಕಲ್ಲು, ಕಟ್ಟಡ.
ಏಳನೆಯದು ‘ಗೊತ್ತಿಲ್ಲ’. ಅದನ್ನು ಜಾಸ್ತಿ ಒತ್ತಿದರೆ
ಪಳನಿ ಸಾಹೇಬರು ಕನ್ನಡಕ ಹಣೆಗೇರಿಸುತ್ತಾರೆ.

ನಾನಿಟ್ಟ ಹೆಸರು ಕಲಿತು ಯಂತ್ರ ನಾಳೆ ತಾನೇ ಕೂಗುತ್ತದೆ.
ಯಾರಿಗೆ ಕೂಗುತ್ತದೆ, ಕೇಳಿಸಿಕೊಂಡವರು ಏನು ಮಾಡುತ್ತಾರೆ,
ಅದು ಇನ್ನೊಂದು ಕೋಣೆಯ ಕೆಲಸ.
ಆ ಬಾಗಿಲಿಗೆ ನನ್ನ ಚೀಟಿ ಹಿಡಿದರೆ ಕೆಂಪು ದೀಪ.

ಬುಧವಾರ, ಬೇಲಿಯಾಚೆ, ಎಂಟುನೂರ ನಲವತ್ತು ಮೀಟರು:
ಕಲ್ಲು, ಅಂದಿತು. ನೂರಕ್ಕೆ ತೊಂಬತ್ತೊಂದು ಖಾತ್ರಿ.
ದುರ್ಗದ ಸೀಮೆಯಲ್ಲಿ ಕಲ್ಲು ಅನ್ನಲು ಯಂತ್ರ ಬೇಕೇ,
ಕಣ್ಣು ಮುಚ್ಚಿ ಅಂದರೂ ಹತ್ತಕ್ಕೆ ಏಳು ಸರಿ.
ಆದರೆ ಮಂಗಳವಾರ ಅಲ್ಲಿ ಕಲ್ಲಿರಲಿಲ್ಲ.
ಹಿಗ್ಗಿಸಿ ನೋಡಿದೆ. ಕಂಬಳಿ ಕೊಪ್ಪೆ.
ಅಂಚಿನಿಂದ ನಾಲ್ಕೇ ನಾಲ್ಕು ಚುಕ್ಕಿ ಹೊರಗೆ:
ಮೊಣಕಾಲ ಮೇಲಿಟ್ಟ ಕೈ.
ಕೂತಿದ್ದಾನೆ ಕಿಲಾರಿ ಗಾದ್ರಪ್ಪ, ದೇವರೆತ್ತು ಮೇಯಲು ಬಿಟ್ಟು.

ತಿದ್ದಬೇಕು. ತಿದ್ದುವುದಕ್ಕೇ ಸಂಬಳ.
‘ಮನುಷ್ಯ’ನ ಮೇಲೆ ಪರದೆಯ ಬಾಣ ತಂದು ನಿಲ್ಲಿಸಿದೆ.
ಒತ್ತಿದರೆ, ಇನ್ನು ಯಾವ ದೇಶದ ಯಾವ ಬಯಲಲ್ಲೂ
ಹೀಗೆ ಚಳಿಗೆ ಮುದುಡಿ ಕೂತವನು
ಕಲ್ಲಾಗಿ ಉಳಿಯಲಾರ.
ಒತ್ತದಿದ್ದರೆ, ಕಲ್ಲು ತಾನೇ ಎಂದು
ಇವನ ಮೇಲೇ ಏನನ್ನಾದರೂ ಹಾಯಿಸಿಯಾರು.
ಟೀ ಬಂತು. ಆರಿತು.

ಸಂಜೆ ಬಸ್ಸಿಗೆ ಬೇಲಿಗುಂಟ ನಡೆಯುತ್ತಿದ್ದೆ,
ಧೂಳಿಗೆ ಮುಖದ ತುಂಬ ದುಪಟ್ಟ ಸುತ್ತಿ.
ಆಚೆಯಿಂದ ಕೂಗು: “ಬೊಮ್ಮಕ್ಕನ ಮಗಳೇನೇ?”
ಎತ್ತು ಹೊಡಕೊಂಡು ಅವನು ಬರುವ ತನಕ ನಿಂತೆ.
“ಹೆಂಗೆ ಗೊತ್ತಾತು ತಾತ, ಮಕಾನೇ ಕಾಣಲ್ಲ?”
“ಮಕ ಯಾಕೆ? ಎಡಗಾಲು ಒಂಚೂರು ಎಳೀತೀಯ.
ನಿಮ್ಮಜ್ಜೀನೂ ಹಂಗೇ ಎಳೀತಿದ್ಲು.”
“ಎಷ್ಟು ದೂರದಿಂದ ಗೊತ್ತಾತು?”
ಬಂದ ದಾರಿ ತಿರುಗಿ ನೋಡಿ ಲೆಕ್ಕ ಹಾಕಿದ.
“ಎರಡು ಬೀಡಿ. ನಿಧಾನ ಸೇದಿದ್ರೆ.”

ಆಮೇಲೆ ಗೋಪುರಕ್ಕೆ ಗದ್ದ ಎತ್ತಿ:
“ದಿನಾ ನೋಡ್ತದಂತಲ್ಲ ಅದು. ಏನಂತದೆ ನನ್ನ?”
“ಕಲ್ಲು ಅಂತದೆ.”
ನಕ್ಕ. ನಗು ಕೆಮ್ಮಾಗಿ, ಬಿಳಿ ಎತ್ತು ಕತ್ತು ತಿರುಗಿಸುವಷ್ಟು.
“ನೀನೇನಂದೆ?”
“ಇನ್ನೂ ಏನೂ ಅಂದಿಲ್ಲ.”
ಹೂಂ, ಅಂದು ಹೊರಟ.

ಬಸ್ಸು ತಡ. ಅವನು ಹೋಗುವುದನ್ನೇ ನೋಡುತ್ತ ನಿಂತೆ.
ಒಂದು ಬೀಡಿಯೂ ಆಗಿರಲಿಲ್ಲ ದೂರ,
ಆಗಲೇ ನನ್ನ ಕಣ್ಣಿಗೆ ಕಲ್ಲೋ, ಗಿಡವೋ.